ಅಜ್ಜಿ ಇಕ್ಕದ ಜೇನು

ನಮ್ಮ ವಂಶದಲ್ಲಿ ಒಬ್ಬ ಮನುಷ್ಯನ ಗುಣದೋಷ ವಿಚಾರಿಸಬೇಕಾದರೆ ಯಾರೂ ಜಾತಕ ತೆಗೆಯುವುದಿಲ್ಲ. ‘ಅವನ ಬಾಯಿಗೆ ಜೇನಿಕ್ಕಿದ್ದು ಯಾರು?’ ಎಂದು ಕೇಳುತ್ತಾರೆ. ಮಗು ಹುಟ್ಟಿದ ದಿನ ಮನೆಯ ಹಿರಿಯರೊಬ್ಬರು ಚಿನ್ನದ ಉಂಗುರವನ್ನು ಜೇನಿಗೆ ಅದ್ದಿ ಅದರ ತುಟಿಗೆ ಮುಟ್ಟಿಸುತ್ತಾರೆ. ಮುಟ್ಟಿಸಿದವರ ಬುದ್ಧಿ, ಆರೋಗ್ಯ, ಆಯಸ್ಸು ಮೂರೂ ಆ ಮಗುವಿಗೆ ಇಳಿಯುತ್ತವೆ ಎಂಬುದು ನಂಬಿಕೆ. ಹೊಸೂರು, ಕೆಲಮಂಗಲದ ಸುತ್ತಮುತ್ತ ಕನ್ನಡದವರು, ತಮಿಳರು, ತೆಲುಗರು ಬೇರೆ ಯಾವುದಕ್ಕೆ ಕಿತ್ತಾಡಿದರೂ ಈ ವಿಷಯದಲ್ಲಿ ಒಮ್ಮತದಿಂದ ಇದ್ದಾರೆ.

ನಮ್ಮ ಮನೆತನದಲ್ಲಿ ಈ ಅಧಿಕಾರ ನಮ್ಮಪ್ಪನ ಅವ್ವನದು. ನಾನು ಹೇಳಹೊರಟಿರುವುದು ಆಕೆಯ ಸಂಗತಿ. ಮೂರು ತಲೆಮಾರಿನ ಕೂಸುಗಳು ಕಣ್ಣು ಬಿಡುವ ಮೊದಲೇ ಆಕೆಯ ಉಂಗುರ ಚೀಪಿವೆ. ಹಾಗಾಗಿಯೇ ನಮ್ಮವರೆಲ್ಲ ಗಟ್ಟಿ ಹಲ್ಲಿನ, ಗಟ್ಟಿ ಗಂಟಲಿನ, ಯಾರ ಮಾತೂ ಕೇಳದ ಜನ. ಎಲ್ಲರೂ ಅಂದರೆ, ನನ್ನನ್ನು ಬಿಟ್ಟು.

ನಾನು ಹುಟ್ಟಿದ್ದು ತಾಯಿಯ ತವರಾದ ಗುಮ್ಮಳಾಪುರದಲ್ಲಿ. ಅಜ್ಜಿ ಗಾಡಿ ಕಟ್ಟಿಸಿಕೊಂಡು ಬರಬೇಕಿತ್ತು. ಕಣದಲ್ಲಿ ರಾಗಿ ಹರಡಿತ್ತು, ಮೋಡ ಕವಿದಿತ್ತು. ರಾಗಿ ಒಳಗೆ ಹಾಕಿಸಿ ಬರುತ್ತೇನೆಂದು ಹೇಳಿ ಕಳುಹಿಸಿದಳು. ರಾಗಿಗೂ ನನಗೂ ನಡೆದ ಆ ಮೊದಲ ಸ್ಪರ್ಧೆಯಲ್ಲಿ ಗೆದ್ದದ್ದು ರಾಗಿ. ಅಜ್ಜಿ ಬರುವಷ್ಟರಲ್ಲಿ ತಾಯಿಯ ಚಿಕ್ಕಮ್ಮ ಜೇನಿಕ್ಕಿ ಮುಗಿಸಿದ್ದಳು. ಆಕೆ ಒಳ್ಳೆಯ ಹೆಂಗಸು. ಕಪ್ಪೆಗೆ ಹೆದರುತ್ತಿದ್ದಳು, ಗುಡುಗಿಗೆ ಹೆದರುತ್ತಿದ್ದಳು, ಬಸ್ಸು ನಿಂತಿದ್ದರೂ ಹೆದರುತ್ತಿದ್ದಳು. ಮುಂದೆ ನಾನು ಈಜು ಕಲಿಯದಿದ್ದಾಗ, ಪರೀಕ್ಷೆಯಲ್ಲಿ ಕೈ ನಡುಗಿದಾಗ, ನಲವತ್ತಕ್ಕೇ ಬಿ.ಪಿ. ಮಾತ್ರೆ ನುಂಗತೊಡಗಿದಾಗ ಮನೆಯವರು ಆಶ್ಚರ್ಯಪಡಲಿಲ್ಲ. ‘ಅವನಿಗೆ ಇಕ್ಕಿದ್ದು ಆವಮ್ಮ ಅಲ್ವಾ’ ಎಂದು ತೀರ್ಪು ಕೊಟ್ಟು ಸುಮ್ಮನಾದರು.

ನನಗಿಂತ ಮೂರು ತಿಂಗಳು ಮೊದಲು ದೊಡ್ಡಪ್ಪನ ಮಗ ಹುಟ್ಟಿದ್ದ. ಅವನ ತಾಯಿಯ ತವರು ನಮ್ಮೂರಲ್ಲೇ, ಎರಡು ಬೀದಿ ಆಚೆ. ಅಜ್ಜಿ ಸೆರಗು ಸಿಕ್ಕಿಸಿಕೊಂಡು ನಡೆದುಹೋಗಿ ಜೇನಿಕ್ಕಿ ಬಂದಳು. ಇದರ ಪರಿಣಾಮವನ್ನು ನಾನು ಅರ್ಧ ಶತಮಾನಕ್ಕೂ ಮಿಗಿಲಾಗಿ ನಿಷ್ಪಕ್ಷಪಾತವಾಗಿ ಅಧ್ಯಯನ ಮಾಡಿದ್ದೇನೆ. ಅವನು ಐವತ್ತೈದು ದಾಟಿದ ಮೇಲೂ ಕಬ್ಬನ್ನು ಹಲ್ಲಿನಿಂದ ಸಿಗಿಯುತ್ತಾನೆ. ನಾನು ಬಾಳೆಹಣ್ಣನ್ನೂ ಎಡಗಡೆಯಿಂದ ತಿನ್ನುತ್ತೇನೆ. ಅವನು ಕನ್ನಡಕವಿಲ್ಲದೆ ಬಸ್ಸಿನ ಬೋರ್ಡು ಓದುತ್ತಾನೆ. ನಾನು ಬಸ್ಸು ಹೋದ ಮೇಲೆ ಅವನನ್ನು ಕೇಳುತ್ತೇನೆ. ಅವನ ತೋಟದಲ್ಲಿ ಗುಲಾಬಿ ಬಿಟ್ಟರೆ ಬೆಂಗಳೂರಿನ ವ್ಯಾಪಾರಿಗಳು ಬಂದು ನಿಲ್ಲುತ್ತಾರೆ. ನಾನು ಹೊಸೂರಿನ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟುಗಳಿಗೆ ಸಹಿ ಹಾಕುತ್ತೇನೆ. ಎಲ್ಲಕ್ಕಿಂತ ಹೆಚ್ಚಾಗಿ, ಅಜ್ಜಿ ಇದ್ದದ್ದು ಅವನ ಮನೆಯಲ್ಲಿ. ಹೋದದ್ದೂ ಅಲ್ಲಿಂದಲೇ. ಅದರಲ್ಲೂ ಅವನೇ ಮುಂದು.

ಅಜ್ಜಿಗೆ ತನ್ನ ವಯಸ್ಸು ಗೊತ್ತಿರಲಿಲ್ಲ. ಕೇಳಿದರೆ ಪ್ಲೇಗಿನ ಕಥೆ ಹೇಳುತ್ತಿದ್ದಳು. ಊರೆಲ್ಲ ಖಾಲಿಯಾಗಿ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ಆಕೆ ಲಂಗದ ಹುಡುಗಿ. ಗುಡಿಸಲಿನ ಬಾಳು ಎಷ್ಟು ಹಿಡಿಸಿತ್ತೆಂದರೆ ಊರಿಗೆ ವಾಪಸು ಹೋಗುವಾಗ ಅತ್ತಳಂತೆ. ಮದುವೆಯಾಗಿ ಬಂದದ್ದು ಕೆಲಮಂಗಲದ ಪಕ್ಕದ ನಮ್ಮ ಹಳ್ಳಿಗೆ. ಏಳು ಮಕ್ಕಳು. ಕಡೆಯದು ಕಂಕುಳಲ್ಲಿದ್ದಾಗ ತಾತ ತೀರಿಕೊಂಡರು. ಅಲ್ಲಿಂದ ಬೇಸಾಯ ಆಕೆಯದೇ. ಎತ್ತುಗಳನ್ನು ತೆಲುಗಿನಲ್ಲಿ ಬೈಯುತ್ತಿದ್ದಳು, ಸಂತೆಯಲ್ಲಿ ತಮಿಳಿನಲ್ಲಿ ಚೌಕಾಸಿ ಮಾಡುತ್ತಿದ್ದಳು, ನಮ್ಮನ್ನು ಬೈಯುವುದಕ್ಕೆ ಮಾತ್ರ ಕನ್ನಡ ಮೀಸಲಿಟ್ಟಿದ್ದಳು. ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಏಳು ಮಕ್ಕಳಲ್ಲಿ ಉಳಿದದ್ದು ಆ ಕಂಕುಳ ಕೂಸೊಂದೇ. ರಾಯಕೋಟೆಗೆ ಕೊಟ್ಟಿದ್ದ ನಮ್ಮ ಕಡೆಯ ಸೋದರತ್ತೆ ಅದು. ಆ ಕೂಸಿಗೇ ಕೋಲು ಹಿಡಿಯುವ ವಯಸ್ಸು. ತಾಯಿಯನ್ನು ನೋಡಲು ಬಂದಾಗ ಅಜ್ಜಿ ಆ ಕೋಲನ್ನು ಕಸಿದು ಮೂಲೆಗಿಟ್ಟು, ‘ನೆಟ್ಟಗೆ ನಡಿ, ಮುದುಕಿ ಥರ ಆಡ್ಬ್ಯಾಡ’ ಎನ್ನುತ್ತಿದ್ದಳು.

ನೆಂಟರಲ್ಲಿ ಯಾರೋ ಲೆಕ್ಕ ಹಾಕಿ ಅಜ್ಜಿಗೆ ನೂರು ತುಂಬಿತೆಂದು ಘೋಷಿಸಿದ ಮೇಲೆ ದೊಡ್ಡಪ್ಪನ ಮಗನ ಮನೆ ಕ್ಷೇತ್ರವಾಯಿತು. ಮದುವೆಯ ಮೊದಲ ಪತ್ರಿಕೆ ಅಲ್ಲಿಗೆ, ಓಟು ಕೇಳುವವರ ಮೊದಲ ನಮಸ್ಕಾರ ಅಲ್ಲಿಗೆ. ಕೃಷ್ಣಗಿರಿಯಿಂದ ತಮಿಳು ಪತ್ರಿಕೆಯವರು ಬಂದು ಚಿತ್ರ ತೆಗೆದು ಹಾಕಿದರು. ಚಿತ್ರದಲ್ಲಿ ಅಜ್ಜಿ ನಡುವೆ. ಪಕ್ಕದಲ್ಲಿ ಆಕೆಯನ್ನು ಹೆತ್ತವನ ಹಾಗೆ ಎದೆಯುಬ್ಬಿಸಿ ದೊಡ್ಡಪ್ಪನ ಮಗ. ಬಲತುದಿಯಲ್ಲಿ ಒಂದು ಮೊಣಕೈ ಕಾಣುತ್ತದೆ. ಅದು ನನ್ನದು.

ಹೀಗಿರುವಾಗ ನನ್ನ ಮಗಳು ಬಸುರಾದಳು. ಚೊಚ್ಚಲ ಹೆರಿಗೆ, ಪದ್ಧತಿಯಂತೆ ನಮ್ಮ ಮನೆಯಲ್ಲಿ. ನಾನು ಆ ಕ್ಷಣವೇ ನಿಶ್ಚಯಿಸಿದೆ: ನನಗೂ, ಹೆಂಡತಿಯ ತವರಿನಲ್ಲಿ ಹುಟ್ಟಿದ ನನ್ನ ಮಗಳಿಗೂ ತಪ್ಪಿದ ಜೇನು ನನ್ನ ಮೊಮ್ಮಗುವಿಗೆ ತಪ್ಪಬಾರದು. ನನ್ನ ಕವಲು ಆ ಕಪ್ಪೆ ಹೆದರಿಕೆಯಿಂದ ಬಿಡುಗಡೆ ಹೊಂದಬೇಕು. ಅಷ್ಟರಲ್ಲಿ ದೊಡ್ಡಪ್ಪನ ಮಗನ ಮಗಳೂ ಬಸುರಿ ಎಂದು ತಿಳಿಯಿತು. ಈ ಮನುಷ್ಯ ನನ್ನನ್ನು ಯಾವುದರಲ್ಲೂ ಒಂಟಿಯಾಗಿ ಬಿಟ್ಟವನಲ್ಲ.

ಮಗಳಿಗೆ ದಿನ ಹತ್ತಿರವಾದಾಗ ಕಾರ್ಖಾನೆಗೆ ರಜೆ ಹಾಕಿ ಹಳ್ಳಿಗೆ ಹೋದೆ. ಅವನು ಗುಲಾಬಿ ಗಿಡ ಸವರುತ್ತಿದ್ದ.

“ಏನ್ಲಾ, ಭಾನ್ವಾರ ಅಲ್ದೆ ಬಂದಿದ್ದೀಯ? ಫ್ಯಾಕ್ಟ್ರಿ ಮುಚ್ಬುಟ್ರಾ?”

“ಅಜ್ಜೀನ ಕರ್ಕಂಡು ಹೋಗಾಕೆ ಬಂದೆ ಕಣಣ್ಣ. ಮಗಳಿಗೆ ದಿನ ತುಂಬ್ತಾ ಐತೆ.”

“ನಮ್ ಮಗಳಿಗೂ ತುಂಬ್ತಾ ಐತೆ.”

“ನಿಮ್ಮುಡುಗಿಗೆ ಇನ್ನೂ ಒಂದು ತಿಂಗಳೈತಲ್ಲ.”

“ಕೂಸು ಕ್ಯಾಲೆಂಡರ್ ನೋಡ್ಕಂಡು ಬತ್ತದಾ? ಅಲ್ದೆ ನೂರು ದಾಟಿದ ಜೀವ. ನಿನ್ ಟೌನ್ ಬಸ್ಸಲ್ಲಿ ಕುಲುಕಿಸ್ಕಂಡು ಹೋಗಿ ಏನಾದ್ರೂ ಆಗ್ಬುಟ್ರೆ?”

ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದ ಅಜ್ಜಿಯ ದನಿ ಬಂತು. “ಆಗೋದಿದ್ರೆ ಯಾವತ್ತೋ ಆಗಿರೋದು. ನನ್ ಸೀರೆ ಎತ್ತಿ ಚೀಲಕ್ಕಾಕ್ರಲಾ. ಇವನ ಹೆಂಡ್ತಿ ಕೈಯಿನ ಉಪ್ಸಾರು ತಿಂದು ವರ್ಷ ಆಯ್ತು.”

ಆಕೆ ಬಂದದ್ದು ನನಗಾಗಿ ಅಲ್ಲ, ಉಪ್ಸಾರಿಗೆ ಎಂಬ ವಿವರವನ್ನು ನಾನು ಆಗ ಗಮನಿಸದವನಂತೆ ಇದ್ದೆ. ವಿಜಯೋತ್ಸವದ ನಡುವೆ ಇಂಥ ವಿವರ ನೋಡಬಾರದು. ಬಸ್ಸಿನ ಮಾತು ಬೇಡವೆಂದು ಸಹೋದ್ಯೋಗಿಯೊಬ್ಬನ ಓಮ್ನಿ ವ್ಯಾನು ತರಿಸಿದೆ. ಅಜ್ಜಿ ಮುಂದಿನ ಸೀಟಿನಲ್ಲಿ ಕೂತು, ದಾರಿಯುದ್ದಕ್ಕೂ ಯಾವ ಹೊಲ ಯಾರದಾಗಿತ್ತು, ಕುಡಿದು ಕಳೆದವನು ಯಾರು ಎಂದು ಡ್ರೈವರನಿಗೆ ವರದಿ ಒಪ್ಪಿಸಿದಳು. ಕನ್ನಡಿಯಲ್ಲಿ ದೊಡ್ಡಪ್ಪನ ಮಗ ಸಣ್ಣದಾಗುತ್ತ ಹೋದ. ನನ್ನ ಬದುಕಿನಲ್ಲಿ ನೋಡಿದ ಸುಂದರ ದೃಶ್ಯಗಳಲ್ಲಿ ಅದೊಂದು.

ಹೊಸೂರಿನ ಅವಲಪಲ್ಲಿಯ ನಮ್ಮ ಬಾಡಿಗೆ ಮನೆಗೆ ಆಮೇಲೆ ಬಂದ ಕಳೆಯನ್ನು ಹೇಗೆ ವರ್ಣಿಸಲಿ. ಎದುರು ಮನೆಯ ಸೇಲಂ ಕಡೆಯವರು, ಹಿಂದಿನ ಬೀದಿಯ ಚಿತ್ತೂರಿನವರು, ಮಂಡ್ಯದಿಂದ ಬಂದ ನಮ್ಮ ಕಾರ್ಖಾನೆಯ ವೆಲ್ಡರನ ಸಂಸಾರ, ಎಲ್ಲರೂ ಬಂದು ಕಾಲು ಮುಟ್ಟಿದರು. ಇದುವರೆಗೆ ನನ್ನನ್ನು ಕಸದ ವಿಷಯಕ್ಕೆ ಮಾತ್ರ ಮಾತಾಡಿಸುತ್ತಿದ್ದ ಮನೆ ಓನರು ಹಣ್ಣು ತಂದ. ನಾನು ಪಕ್ಕದಲ್ಲಿ ಅರ್ಚಕನಂತೆ ನಿಂತು ಯಾರು ಮುಂದೆ, ಯಾರು ಹಿಂದೆ ಎಂದು ನಿರ್ಧರಿಸುತ್ತಿದ್ದೆ. ಸೇಲಂನವರ ಸೊಸೆ ಎರಡು ದಿನದ ಕೂಸನ್ನು ತಂದು, ಬಾಯಿಗೆ ಒಂದು ತೊಟ್ಟು ಇಡಿ ಪಾಟೀ ಎಂದು ಅಜ್ಜಿಯನ್ನು ಬೇಡಿಕೊಂಡಳು. ಅಜ್ಜಿ ತಲೆ ಸವರಿದಳು. ಬಾಯಿಗೆ ಮಾತ್ರ ಇಕ್ಕಲಿಲ್ಲ. ವೆಲ್ಡರನ ಮಗುವಿಗೂ ಇಲ್ಲ. ನನಗೆ ಒಳಗೊಳಗೇ ಹಿಗ್ಗು. ನನ್ನ ಮೊಮ್ಮಗುವಿಗಾಗಿ ಕೈ ಕಾದಿರಿಸಿಕೊಂಡಿದ್ದಾಳೆ ಎಂದು ಹೆಂಡತಿಗೆ ಹೇಳಿದೆ.

“ನಿಮಗೆ ಹೇಳಿದ್ರಾ ಅಜ್ಜಿ ಹಂಗಂತ?” ಎಂದಳು.

“ಕೆಲವು ವಿಷಯ ಹೇಳಬೇಕಾಗಿಲ್ಲ.”

“ನನ್ ಹತ್ರ ಎಲ್ಲಾ ಹೇಳ್ತಾರೆ. ಇದೊಂದು ಹೇಳ್ಲಿಲ್ಲ.”

ಎಲ್ಲಾ ಅಂದರೆ ಏನು ಎಂದು ನಾನು ಕೇಳಲಿಲ್ಲ. ಅಡುಗೆಮನೆಯಲ್ಲಿ ಅವರಿಬ್ಬರೂ ಗುಸುಗುಸು ಮಾತಾಡುವುದನ್ನು, ನಾನು ಹೋದೊಡನೆ ನಿಲ್ಲಿಸುವುದನ್ನು ಬಹಳ ದಿನದಿಂದ ಬಲ್ಲೆ. ಸ್ವಂತ ಹೆಂಡತಿಯ ಮೇಲೆ ಕರುಬುವುದು ಸಂಸಾರಸ್ಥನಿಗೆ ಶೋಭೆಯಲ್ಲವೆಂದು ಸಹಿಸಿಕೊಂಡೆ.

ಬೀಗಿತ್ತಿಯನ್ನು ಸಹಿಸುವುದು ಅಷ್ಟು ಸುಲಭವಾಗಿರಲಿಲ್ಲ. ಮಗಳ ಅತ್ತೆ ಈಕೆ, ಮಾಲೂರಿನವಳು. ಧಡೂತಿ ಆಸಾಮಿ, ನಕ್ಕರೆ ಪಕ್ಕದ ಬೀದಿಯ ನಾಯಿ ಎದ್ದು ಕೂರುತ್ತದೆ. ಮದುವೆಯಲ್ಲಿ ನಮ್ಮ ಕಡೆಯವರೇ ನನ್ನನ್ನು ಬಿಟ್ಟು ಆಕೆಯ ಸುತ್ತ ಕುರ್ಚಿ ಎಳೆದುಕೊಂಡು ಕೂತಿದ್ದರು. ನನ್ನ ಮಗಳು ಬಸುರಿನ ಸುದ್ದಿಯನ್ನು ಮೊದಲು ಹೇಳಿದ್ದು ಆಕೆಗೆ. ನನಗೆ ತಿಳಿದದ್ದು ಆಕೆ ಫೋನಿನಲ್ಲಿ ‘ಅಣ್ಣಾ, ತಾತ ಆಗ್ಬುಟ್ರಿ!’ ಎಂದು ಕಿರುಚಿದಾಗ. ಈಗ ಹೆರಿಗೆಗೆಂದು ನಿಪ್ಪಟ್ಟಿನ ಡಬ್ಬಿ, ಕೊಬ್ಬರಿ, ಒಂದು ಮೂಟೆ ಬಾಣಂತಿ ಸಾಮಾನು ಹೊತ್ತು ಬಂದಿಳಿದಳು.

ನೋವು ಬಂದಂತಾಗಿ ಮಗಳನ್ನು ನರ್ಸಿಂಗ್ ಹೋಮಿಗೆ ಸೇರಿಸಿದೆವು. ನೋವು ಬಂತು, ಹೋಯಿತು, ಮತ್ತೆ ಬಂತು. ಎರಡು ದಿನ ಹಿಡಿಯಿತು. ಅಜ್ಜಿ ಮನೆಯಲ್ಲಿ ಇರಲು ಒಪ್ಪಲಿಲ್ಲ. ವರಾಂಡದ ಬೆಂಚಿನ ಮೇಲೆ ಅಜ್ಜಿಯೂ ಬೀಗಿತ್ತಿಯೂ ಕೂತರು. ಬೀಗಿತ್ತಿ ತನ್ನ ಗಂಡ ರಾತ್ರಿ ನಿದ್ದೆಗಣ್ಣಲ್ಲಿ ಹಸುವಿನ ಬದಲು ಯಾರೋ ನೆಂಟರ ಸ್ಕೂಟರಿಗೆ ಹಗ್ಗ ಕಟ್ಟಿ ಬಂದ ಕಥೆ ಹೇಳಿದಳು. ಅಜ್ಜಿ ನಕ್ಕಳು. ಬೊಚ್ಚು ಬಾಯಿ ತೆರೆದು, ಕಣ್ಣೊರೆಸಿಕೊಂಡು, ತೊಡೆ ತಟ್ಟಿ ನಕ್ಕಳು. ನಾನು ಐವತ್ತು ವರ್ಷ ಆಕೆಯ ಮುಂದೆ ಎಷ್ಟೊಂದು ಒಳ್ಳೊಳ್ಳೆ ಮಾತಾಡಿದ್ದೇನೆ. ಒಮ್ಮೆಯೂ ತೊಡೆ ತಟ್ಟಿರಲಿಲ್ಲ. ನಾನು ಎದ್ದುಹೋಗಿ ಗೋಡೆಗೆ ತೂಗುಹಾಕಿದ್ದ, ಪೋಲಿಯೋ ಹನಿಯ ಬಗೆಗಿನ ಬೋರ್ಡನ್ನು ಮೊದಲಿಂದ ಕೊನೆಯವರೆಗೆ ಓದಿದೆ.

ಮಧ್ಯಾಹ್ನದ ಊಟದ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ನಾನು ಸಿದ್ಧನಾಗಿದ್ದೆ. ಅಂಚೆಟ್ಟಿ ಕಾಡಿನಿಂದ ತರಿಸಿದ್ದ ಜೇನು, ಬೆಳ್ಳಿ ಬಟ್ಟಲು, ಅಳಿಯನ ಉಂಗುರ. ಬಟ್ಟಲಿಗೆ ಜೇನು ಸುರಿದು ವಾರ್ಡಿಗೆ ಹೋದರೆ ನರ್ಸಮ್ಮ ಕೈ ಅಡ್ಡ ಹಿಡಿದಳು.

“ತೇನ್ ಎಲ್ಲಾಂ ಕೂಡಾದು ಸಾರ್. ತಾಯ್‌ಪಾಲ್ ಮಟ್ಟುಂ ದಾನ್.”

ಜೇನು ಗೀನು ಕೂಡದು, ತಾಯಿಯ ಹಾಲು ಮಾತ್ರ. ನಾನು ನೂರು ವರ್ಷದ ಪರಂಪರೆ, ವಂಶದ ಭವಿಷ್ಯ ಮುಂತಾಗಿ ತಮಿಳಿನಲ್ಲಿ ವಾದ ಮಂಡಿಸಿದೆ. ಆಕೆ ಅಲ್ಲಾಡಲಿಲ್ಲ. ಕಡೆಗೆ ಹೆಂಡತಿ ನಡುವೆ ಬಂದು, ಉಂಗುರಕ್ಕೆ ತಾಯಿಯ ಹಾಲನ್ನೇ ಮುಟ್ಟಿಸಿ ಇಟ್ಟರೆ ಆದೀತೇ ಎಂದು ಕೇಳಿದಳು. ನರ್ಸಮ್ಮ ಉಂಗುರವನ್ನು ಬಿಸಿನೀರಲ್ಲಿ ಕುದಿಸಿಕೊಂಡು ಬಂದಳು. ಪದಾರ್ಥ ಬದಲಾದರೂ ಕೈ ಮುಖ್ಯವೆಂದು ನಾನು ಶಾಸ್ತ್ರಕ್ಕೆ ತಿದ್ದುಪಡಿ ಮಾಡಿಕೊಂಡೆ. ಜೇನಿನ ಬಟ್ಟಲನ್ನು ಕಿಟಕಿಯ ಮೇಲಿಟ್ಟು ಅಜ್ಜಿಯ ತೋಳು ಹಿಡಿದೆ.

“ಬಾ ಅಜ್ಜಿ. ಇಕ್ಕು.”

ವಾರ್ಡಿನೊಳಗಿನ ಬೆಂಚಿಗೆ ಬಂದು ಕೂತಿದ್ದ ಅಜ್ಜಿ ಏಳಲಿಲ್ಲ. “ನಾನು ಇಕ್ಕಲ್ಲ ಕಣ್ಲಾ.”

“ಯಾಕೆ?”

“ಬ್ಯಾಡ ಅಂದ್ರೆ ಬ್ಯಾಡ.”

“ಎಲ್ರಿಗೂ ಇಕ್ಕಿದ್ದೀಯ. ಅಣ್ಣನಿಗೆ ಇಕ್ದೆ, ಅವನ ಮಕ್ಕಳಿಗೆ ಇಕ್ದೆ. ನನ್ ಮೊಮ್ಮಗೀಗೆ ಮಾತ್ರ ಬ್ಯಾಡ್ವಾ?”

ನನ್ನ ದನಿ ಸ್ವಲ್ಪ ಏರಿರಬೇಕು. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. ಅಜ್ಜಿ ನನ್ನ ಕೈಯನ್ನು ತನ್ನ ತೋಳಿನಿಂದ ಬಿಡಿಸಿ, ತನ್ನ ಮಡಿಲಲ್ಲಿ ಇಟ್ಟುಕೊಂಡಳು.

“ಆವಾಗ ಇಕ್ದೆ. ಆವಾಗ ನನ್ ಕೈಯಾಗೆ ಒಂದಷ್ಟು ಆಯಸ್ಸಿತ್ತು, ಅಷ್ಟೆ. ಎಲ್ರಿಗೂ ಇರೋ ಅಷ್ಟು. ಈವಾಗ ನೋಡು. ನಿಮ್ ದೊಡ್ಡಪ್ಪನ್ನ ಎತ್ಕಂಡು ಹೋಗೋವಾಗ ನಾನು ಜಗಲಿ ಮೇಲೆ ಕುಂತಿದ್ದೆ. ನಿಮ್ಮಪ್ಪನ್ನ ಎತ್ಕಂಡು ಹೋಗೋವಾಗ್ಲೂ ಅಲ್ಲೇ ಕುಂತಿದ್ದೆ. ಬಂದೋರೆಲ್ಲಾ ಹೆಣ ನೋಡ್ಬುಟ್ಟು ಆಮ್ಯಾಕೆ ನನ್ ಮಖ ನೋಡೋರು. ಇವಳು ಇನ್ನೂ ಬದುಕವ್ಳಲ್ಲಾ ಅಂತ. ಯಾರೂ ಬಾಯಿ ಬಿಟ್ಟು ಅನ್ಲಿಲ್ಲ. ನಂಗೇನು ಕಣ್ಣು ಕಾಣಾಕಿಲ್ವಾ?”

ಅಜ್ಜಿ ಮಗುವಿನ ಕಡೆ ಕತ್ತು ತಿರುಗಿಸಿದಳು.

“ಈ ಕೂಸು ಆ ಜಗಲಿ ಮೇಲೆ ಕುಂತ್ಕಬೇಕೇನ್ಲಾ? ನಿನ್ ಮಗಳು ಹೋಗೋದ ನೋಡ್ಬೇಕಾ ಇದು, ಇದರ ಮಕ್ಕಳು ಹೋಗೋದ ನೋಡ್ಬೇಕಾ? ನಾನು ಇನ್ಯಾರಿಗೂ ಇಕ್ಕಲ್ಲ.”

ನಾನು ಹುಟ್ಟಿದಾಗಿನಿಂದ ಈ ಹೆಂಗಸಿನ ಆಯಸ್ಸಿನ ಮೇಲೆ ಕಣ್ಣಿಟ್ಟವನು. ಅದರೊಳಗೆ ನಮ್ಮಪ್ಪನ ಹೆಣವೂ ಇದೆ ಎಂದು ಹೊಳೆದಿರಲಿಲ್ಲ. ಅಪ್ಪ ಹೋದ ದಿನ ಅಜ್ಜಿ ಜಗಲಿಯ ಮೇಲೆ ಇದ್ದದ್ದು ನೆನಪಿದೆ. ಬಂದವರಿಗೆ ಕಾಫಿ ಸಿಕ್ಕಿತೇ ಎಂದು ಕೇಳುತ್ತಿದ್ದಳು. ನಾನೂ ಆಕೆಯ ಮುಖ ನೋಡಿದ್ದೆ. ಏನಂದುಕೊಂಡು ನೋಡಿದ್ದೆನೋ ಈಗ ಹೇಳಲಾರೆ.

“ಹಂಗಾದ್ರೆ ಯಾರಿಕ್ಕಬೇಕು?” ಎಂದೆ. ಕೇಳುವಾಗ ಅಜ್ಜಿ ನನ್ನ ಹೆಸರು ಹೇಳಬಹುದೆಂಬ ಸಣ್ಣದೊಂದು ಆಸೆ ಇರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಬೆನ್ನನ್ನು ಸ್ವಲ್ಪ ನೆಟ್ಟಗೆ ಮಾಡಿದೆ.

“ಆ ದಪ್ಪನಮ್ಮ ಎಲ್ಲಿ?”

“ಯಾರು?”

“ನಗಿಸ್ತಾ ಇದ್ಲಲ್ಲ. ನಿನ್ ಬೀಗಿತ್ತಿ. ಕರಿ ಅವಳ್ನ. ಎರಡು ದಿನ ನೋಡಿವ್ನಿ. ತಿಂತಾಳೆ, ಗೊರ್ಕೆ ಹೊಡೀತಾಳೆ, ನಗ್ತಾಳೆ. ಅಂಥಾ ಕೈಯಾಗೆ ಇಕ್ಸು. ನೀನು ಬ್ಯಾಡ. ನೀನಿಕ್ಕಿದ್ರೆ ಇದಕ್ಕೆ ಆಸ್ಪತ್ರೆನೇ ಮನೆ ಆಗ್ಬುಡ್ತದೆ.”

ಪಕ್ಕದ ಹಾಸಿಗೆಯವರು ನಕ್ಕರು. ನನ್ನ ಹೆಂಡತಿಯೂ ನಕ್ಕಳು. ಬಾಣಂತಿ, ನನ್ನ ಸ್ವಂತ ಮಗಳು, ಹೊಲಿಗೆ ನೋಯುತ್ತದೆ ಎಂದುಕೊಂಡೇ ನಕ್ಕಳು.

ಬೀಗಿತ್ತಿ ಕ್ಯಾಂಟೀನಿನಿಂದ ಬಾಯೊರೆಸಿಕೊಂಡು ಬಂದಳು. ವಿಷಯ ತಿಳಿದಾಗ ಆಕೆಯ ಗದ್ದಲ ನಿಂತುಹೋಯಿತು. “ನಾನಾ ಅಜ್ಜೀ? ನಮ್ಮಣ್ಣ ಬೇಜಾರು ಮಾಡ್ಕತಾರೆ” ಎಂದು ನನ್ನ ಕಡೆ ನೋಡಿದಳು. ನಾನು ಬೀಗರ ಮರ್ಯಾದೆಗೆ ತಕ್ಕಂತೆ, “ಸಂತೋಷ ತಂಗೀ, ಬಹಳ ಸಂತೋಷ” ಎಂದೆ. ಆ ನಾಲ್ಕು ಪದಗಳಿಗೆ ನನ್ನ ಬಿ.ಪಿ. ಎಷ್ಟು ಏರಿತೆಂದು ಅಲ್ಲೇ ನೋಡಿಸಬಹುದಿತ್ತು, ಯಂತ್ರ ಪಕ್ಕದಲ್ಲೇ ಇತ್ತು. ಆಕೆ ಹಾಲು ಮುಟ್ಟಿಸಿದ ಉಂಗುರ ಹಿಡಿದು ಮಗುವಿನ ತುಟಿಗೆ ಮುಟ್ಟಿಸಿದಳು. ಮಗು ಚೀಪಿತು. ಬೀಗಿತ್ತಿ ಅತ್ತಳು, ಅಳುತ್ತಲೇ ನಗಲು ಶುರುಮಾಡಿದಳು, ನರ್ಸಮ್ಮ ಓಡಿಬಂದು ಗದರಿದಳು.

ಆಮೇಲೆ ಎಲ್ಲರೂ ಮಗುವಿನ ಸುತ್ತ ನಿಂತರು. ಬೆಂಚಿನ ಬಳಿ ಅಜ್ಜಿಯೂ ನಾನೂ ಉಳಿದೆವು. ಕಿಟಕಿಯ ಮೇಲೆ ಅಂಚೆಟ್ಟಿ ಕಾಡಿನ ಜೇನು ಬಟ್ಟಲ ತುಂಬ ಹಾಗೇ ಇತ್ತು.

“ಅದ ಇತ್ಲಾಗ್ ಕೊಡು” ಎಂದಳು ಅಜ್ಜಿ.

ಕೊಟ್ಟೆ. ಆಕೆ ತೋರುಬೆರಳನ್ನು ಅದರಲ್ಲಿ ಅದ್ದಿದಳು. ನಾನು ಪಕ್ಕದಲ್ಲಿ ಕೂತು, ಯಾವ ಉದ್ದೇಶವೂ ಇಲ್ಲದವನಂತೆ, ತಲೆಯನ್ನು ಸ್ವಲ್ಪ ಬಗ್ಗಿಸಿದೆ. ನನಗೆ ಸಕ್ಕರೆ ಕಾಯಿಲೆ ಇತ್ತು, ಹಲ್ಲಿನ ಸೆಟ್ಟು ಇತ್ತು, ನಿವೃತ್ತಿಗೆ ಹೆಚ್ಚು ದಿನ ಇರಲಿಲ್ಲ. ಜಗಲಿಯ ಮಾತನ್ನು ಈಗಷ್ಟೇ ಕೇಳಿದ್ದೆ. ಆದರೂ ಬಗ್ಗಿಸಿದೆ.

ಅಜ್ಜಿ ಬೆರಳನ್ನು ತನ್ನ ಬಾಯಿಗಿಟ್ಟುಕೊಂಡಳು. ಚಪ್ಪರಿಸಿದಳು. ಮತ್ತೆ ಅದ್ದಿದಳು. ಬಟ್ಟಲು ಖಾಲಿಯಾಗುವವರೆಗೂ, ಅಂಚನ್ನೂ ಬಿಡದೆ, ಒರೆಸಿ ಒರೆಸಿ ತಿಂದಳು.

“ಚೆಂದಾಗೈತೆ” ಎಂದಳು. “ಅದ್ಯಾಕ್ಲಾ ಹಂಗೆ ಕತ್ತು ಬಗ್ಗಿಸ್ಕಂಡು ಕುಂತಿದ್ದೀಯ? ನೋವೇನ್ಲಾ?”

“ನೋವೇ ಅಜ್ಜಿ” ಎಂದೆ.

ಸಂಜೆ ದೊಡ್ಡಪ್ಪನ ಮಗನ ಫೋನು ಬಂತು. ಮಗು ಹೆಣ್ಣೋ ಗಂಡೋ ಎಂದೂ ಕೇಳದೆ, ‘ಇಕ್ಕಿದ್ಲೇನ್ಲಾ?’ ಎಂದ. ಇಲ್ಲವೆಂದೆ. ‘ಅಯ್ಯೋ ಪಾಪ’ ಎಂದವನ ದನಿಯಲ್ಲಿ ಗುಲಾಬಿ ಅರಳಿದ್ದು ನನಗೆ ಕೇಳಿಸಿತು. ಒಂದು ವಾರದ ಮೇಲೆ ಬಂದು ಅಜ್ಜಿಯನ್ನು ತಾನೇ ಕರೆದುಕೊಂಡು ಹೋದ. ಅಜ್ಜಿ ಇನ್ಯಾರಿಗೂ ಇಕ್ಕುವುದಿಲ್ಲ ಎಂದದ್ದನ್ನು ನಾನು ಅವನಿಗೆ ಹೇಳಲಿಲ್ಲ. ನನಗೇ ಅದು ಪೂರ್ತಿ ನಂಬಿಕೆಯಾಗಿರಲಿಲ್ಲ. ಅವನ ಮೊಮ್ಮಗುವನ್ನು ಕಂಡರೆ ಮನಸ್ಸು ಬದಲಾಯಿಸಿಬಿಟ್ಟರೆ? ಆ ದಿನಗಳಲ್ಲಿ ಸ್ಟೋರ್ಸಿನಲ್ಲಿ ನಾನು ಯಾವ ಬೋಲ್ಟಿಗೆ ಯಾವ ಸಹಿ ಹಾಕಿದೆನೋ ದೇವರಿಗೇ ಗೊತ್ತು.

ತಿಂಗಳು ಕಳೆದು ಅವನ ಮಗಳಿಗೆ ಗಂಡು ಮಗುವಾಯಿತು. ಫೋನಿನಲ್ಲಿ ಅವನ ದನಿ ಇಳಿದಿತ್ತು. “ಇಕ್ಕಲ್ಲ ಅಂದ್ಬುಟ್ಲು ಕಣ್ಲಾ. ನಮ್ ತೋಟಕ್ಕೆ ಬರೋ ಆ ಹೂ ಕೀಳೋ ಹೆಂಗ್ಸಿನ ಕೈಯಾಗೆ ಇಕ್ಸಿದ್ಲು. ಅವಳು ಯಾವಾಗ್ಲೂ ಹಾಡ್ಕಂತಾ ಇರ್ತಾಳಂತೆ, ಅದ್ಕೆ.”

“ಅಯ್ಯೋ ಪಾಪ” ಎಂದೆ ನಾನು, ಸಾಧ್ಯವಾದಷ್ಟು ಗಂಭೀರವಾಗಿ. ಹೆಂಡತಿ ನನ್ನ ಮುಖ ನೋಡಿ, ಹೋಗಿ ಕನ್ನಡಿ ನೋಡಿಕೊಳ್ಳಿ ಎಂದು ಸನ್ನೆ ಮಾಡಿದಳು. ಮನಸ್ಸು ಹಗುರಾಯಿತು. ಅವನೂ ನಾನೂ ಕಡೆಗೊಮ್ಮೆ ಸರಿಸಮ.

“ಜೇನು ತಂದಿದ್ದೆ, ದಂಡ ಆಯ್ತು ಅಂದ್ಕಂಡೆ” ಎಂದು ಅವನು ಮುಂದುವರಿಸಿದ. “ಅಜ್ಜೀನೇ ತಿಂದ್ಲು. ಎರಡು ಬಟ್ಲು.”

ಫೋನಿಟ್ಟೆ. ಎರಡು ಬಟ್ಟಲು. ನಮ್ಮ ಮನೆಯದನ್ನು ಒಂದೇ ತಿಂದಿದ್ದಳು.